ಗಟ್ಟಿ ಓದಿನ ಸದ್ದು
ಗ್ರಂಥಾಲಯವೆಂದರೆ ಮೌನ ಎಂಬ ನಗರದ ಕಲ್ಪನೆಗೆ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಕೆಲವು ವರ್ಷಗಳಿಂದ ಸದ್ದಿಲ್ಲದೆ, ಅಥವಾ ಸರಿಯಾಗಿ ಹೇಳುವುದಾದರೆ ಸದ್ದು ಮಾಡಿಯೇ, ಭಂಗ ತರುತ್ತಿವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನೆರಳಿನಲ್ಲಿ ಬೆಳೆದ ಈ ಕೇಂದ್ರಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಯಂದು, 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ನೀಡುವ ‘ಓದುವ ಬೆಳಕು’ ಅಭಿಯಾನ ಆರಂಭವಾಯಿತು. ಅದರ ಜೀವಾಳವೆನ್ನಬಹುದಾದದ್ದು ಗಟ್ಟಿ ಓದು, ಅಂದರೆ ಒಬ್ಬರು ಓದಿ ಉಳಿದವರು ಕೇಳುವ, ನಡುನಡುವೆ ಪ್ರಶ್ನೆ ಹಾಕುವ ಕ್ರಮ: ಚಾಪೆಯ ಮೇಲೆ ಅರ್ಧವೃತ್ತವಾಗಿ ಕೂತ ಮಕ್ಕಳ ಮುಂದೆ ಪುಸ್ತಕ ಹಿಡಿದ ಹುಡುಗಿ ಒತ್ತಕ್ಷರವೊಂದರ ಬಳಿ ತಡವರಿಸಿದರೆ, ಹಿಂದಿನಿಂದ ಯಾರೋ ಅದನ್ನು ಪೂರ್ತಿ ಮಾಡಿಕೊಡುತ್ತಾರೆ. ಗಮಕವಾಚನವನ್ನು ಜಗಲಿಯಲ್ಲಿ ಕೂತು ಆಲಿಸಿದ ನಾಡಿಗೆ ಇದೇನೂ ಹೊಸತಲ್ಲ. ಚದುರಂಗ, ಚಿತ್ರಕಲೆ, ರಸಪ್ರಶ್ನೆಗಳೂ ಜೊತೆಗಿವೆ. ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಕೊನೆಯದು. ಹಾಗೆ ಬೆಳೆಯುತ್ತಿರುವ ಈ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂಬ ಹೆಸರೂ ಬಂದಿದೆಯಾದರೂ, ಹೆಸರಿಗಿಂತ ಬಾಗಿಲು ತೆರೆಯುವ ವೇಳೆಯೇ ಮುಖ್ಯ; ಶಾಲೆ ಬಿಡುವ ಹೊತ್ತಿಗೆ ಬೀಗ ಬಿದ್ದಿದ್ದರೆ ಚಾಪೆ ಸುರುಳಿಯಾಗಿಯೇ ಉಳಿಯುತ್ತದೆ.