ಬಿರುಗಾಳಿಯೂ ನಮ್ಮ ಅಂಗಳದ ಮರವೂ

ಪುಣೆಯಲ್ಲಿ ನೆಲೆಸಿದ ನಾವು ಚಂಡಮಾರುತವೆಂಬುದನ್ನು ಬಹುಕಾಲ ಕರಾವಳಿಯವರ ಕಷ್ಟವೆಂದೇ ಭಾವಿಸಿದ್ದೆವು. ಸಮುದ್ರವು ಇಲ್ಲಿಗೆ ಸುಮಾರು ನೂರು ಕಿಲೋಮೀಟರು ದೂರ. ನಡುವೆ ಸಹ್ಯಾದ್ರಿಯ ಗೋಡೆ. ೨೦೨೦ನೆಯ ಇಸವಿ ಜೂನ್ ೩ರಂದು ಆ ಭಾವನೆಯು ಅಳಿಯಿತು. ಆ ದಿನ ಮಧ್ಯಾಹ್ನ ಅಲಿಬಾಗದ ದಕ್ಷಿಣಕ್ಕೆ, ಗಂಟೆಗೆ ೧೦೦ರಿಂದ ೧೧೦ ಕಿಲೋಮೀಟರು ವೇಗದಲ್ಲಿ ದಡವನ್ನು ಹೊಕ್ಕ ಬಿರುಗಾಳಿಯ ಸೆರಗು ಘಟ್ಟವನ್ನು ದಾಟಿ ನಮ್ಮ ಊರಿಗೂ ತಗುಲಿತು.

ಮಹಾಮಾರಿಯ ಕಾರಣದಿಂದ ಮಾರ್ಚ್ ತಿಂಗಳಿನಿಂದಲೇ ಮನೆಯೊಳಗಿದ್ದ ನಮಗೆ ಮನೆಯೇ ಸುರಕ್ಷಿತ ಸ್ಥಳವೆಂಬ ನಂಬಿಕೆಯು ಬಲವಾಗಿತ್ತು. ಅಂದು ಆ ಮನೆಯೇ ನಡುಗುವಂತೆ ತೋರಿತು. ಕಿಟಕಿಯ ಸಂದುಗಳಲ್ಲಿ ಹಳೆಯ ಬಟ್ಟೆಗಳನ್ನು ತುರುಕಿದರೂ ನೀರು ಒಳಗೆ ಬರುತ್ತಿತ್ತು. ಎದುರು ಮನೆಯ ಮಾಳಿಗೆಯ ತಗಡೊಂದು ಕಿತ್ತು, ರಸ್ತೆಯ ಮೇಲೆ ಕಾಗದದಂತೆ ಹೊರಳಾಡಿತು. ಬೆಳಗಿನಲ್ಲಿಯೇ ವಿದ್ಯುತ್ತು ಹೋಗಿದ್ದುದರಿಂದ ಮೇಲಿನ ತೊಟ್ಟಿಗೆ ನೀರೇರಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಅಂಗಳದ ಗುಲಮೊಹರವು ಮೊದಲು ಒಂದು ಕಡೆಗೆ ವಾಲಿ, ಕ್ಷಣಕಾಲ ತಡೆದು, ಕಾಂಪೌಂಡ್ ಗೋಡೆಯ ಮೇಲೆ ಒರಗಿತು. ಅದರ ಕೆಳಗೆ ಪ್ರತಿನಿತ್ಯ ನಿಲ್ಲುತ್ತಿದ್ದ ತರಕಾರಿಯವನು ಅಂದು ಬಾರದೆ ಇದ್ದುದು ನಮ್ಮ ಪುಣ್ಯ.

ಮರುದಿನ ಎಲ್ಲರೂ ಕೆಳಗಿಳಿದು ನೋಡಿದೆವು. ಅಷ್ಟು ದೊಡ್ಡ ಮರದ ಬುಡದಲ್ಲಿ ಕಿತ್ತು ಬಂದ ಬೇರಿನ ಮುದ್ದೆಯು ಒಂದು ಹಾಸಿಗೆಯ ಸುರುಳಿಗಿಂತ ಹಿರಿದಾಗಿರಲಿಲ್ಲ. ಧಾರವಾಡದ ಕಡೆಯ ನನ್ನ ತಾಯಿಯವರು, "ಕುಂಡದಾಗಿನ ಗಿಡಕ್ಕ ಇರೂವಷ್ಟೂ ಮಣ್ಣು ಇದಕ್ಕ ಇಲ್ಲಲ್ಲೋ ತಮ್ಮಾ" ಎಂದರು.

ಆ ಬಿರುಗಾಳಿಗೆ 'ನಿಸರ್ಗ' ಎಂಬ ಹೆಸರನ್ನು ಸೂಚಿಸಿದ್ದು ಬಾಂಗ್ಲಾದೇಶವು. ಹೆಸರು ನಮಗೆ ಬಹಳ ಅನುಕೂಲವಾಯಿತೆಂದೇ ಹೇಳಬೇಕು. ನಗರದಲ್ಲಿ ಉರುಳಿದ ಮರಗಳನ್ನು ಕಂಡವರೆಲ್ಲರೂ "ನಿಸರ್ಗದ ಮುಂದೆ ಯಾರೇನು ಮಾಡಬಲ್ಲರು?" ಎಂದು ನಿಟ್ಟುಸಿರಿಟ್ಟರು. ನನಗಾದರೋ ಈ ಮಾತು ಸರಿದೋರುವುದಿಲ್ಲ. ಗಾಳಿಯ ವೇಗವು ಇಮ್ಮಡಿಸಿದರೆ ಅದರ ಒತ್ತಡವು ನಾಲ್ಮಡಿಯಾಗುವುದೆಂಬುದು ನಿಜ. ಆದರೆ ಆ ಒತ್ತಡವನ್ನು ತಾಳತಕ್ಕ ಬೇರುಗಳು ಬಹುಪಾಲು ಮೇಲ್ಮಣ್ಣಿನ ಎರಡು ಮೂರು ಅಡಿಗಳಲ್ಲಿಯೇ, ಕೊಂಬೆಗಳ ಹರವಿಗಿಂತಲೂ ದೂರಕ್ಕೆ ಹಬ್ಬತಕ್ಕವು. ನಾವು ಮಾಡಿದ್ದೇನು? ಒಂದು ಕಡೆ ಗಟಾರಕ್ಕಾಗಿ, ಇನ್ನೊಂದು ಕಡೆ ಕೇಬಲ್ಲಿಗಾಗಿ ಅಗೆದು ಬೇರುಗಳನ್ನು ಕತ್ತರಿಸಿದೆವು. ಉಳಿದುದನ್ನು ಸಿಮೆಂಟಿನಿಂದ ಮುಚ್ಚಿದೆವು. ಗುಲಮೊಹರವು ಮಡಗಾಸ್ಕರದಿಂದ ಬಂದ ಮರ. ಅದರ ಬೇರು ಆಳವಲ್ಲ, ಮರವೂ ಮೆದು. ಅಂತಹುದನ್ನು ನೆರಳಿಗಾಗಿ ಆಯ್ದವರೂ ನಾವೇ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಅದಕ್ಕೆ ಕೆಲವು ವರ್ಷ ಮೊದಲು, ಮಳೆಗಾಲದಲ್ಲಿ ವಾಹನಗಳಿಗೆ ಕೆಸರಾಗುವುದೆಂದು ಅಂಗಳಕ್ಕೆ ಸಿಮೆಂಟಿನ ಹಾಸು ಹಾಕಿಸಲು ಎಲ್ಲರೂ ಒಪ್ಪಿದಾಗ ನಾನೂ ಸಹಿ ಮಾಡಿದವನು. ಅದೇ ಇಸವಿಯೋ ಹಿಂದಿನದೋ, ದಿಲ್ಲಿಯಲ್ಲಿ ಮರಗಳ ಬುಡದ ಸುತ್ತ ಒಂದು ಮೀಟರಿನಷ್ಟು ಸಿಮೆಂಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೩ರಲ್ಲಿ ವಿಧಿಸಿದ್ದುದನ್ನು ಪತ್ರಿಕೆಯಲ್ಲಿ ಓದಿದ್ದೆನು. ಓದಿದ್ದು ಓದಿದಲ್ಲಿಯೇ ಉಳಿಯಿತು.

ಬಿರುಗಾಳಿಯ ತರುವಾಯ ಕೂಡಿದ ಸಭೆಯಲ್ಲಿ, ಉಳಿದ ಎರಡು ಬೇವಿನ ಮರಗಳನ್ನೂ ಮುಂಜಾಗ್ರತೆಗಾಗಿ ಕಡಿಸಬೇಕೆಂಬ ಸೂಚನೆಯು ಬಂದಿತು. ಭಯಪಟ್ಟವರನ್ನು ನಾನು ಹಳಿಯಲಾರೆ. ಒಬ್ಬರ ಮಗುವಿನ ತೊಟ್ಟಿಲು ಆ ಮರದೆದುರಿನ ಕೋಣೆಯಲ್ಲಿಯೇ ಇತ್ತು. ೧೯೭೫ರ ಮಹಾರಾಷ್ಟ್ರದ ವೃಕ್ಷಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಕಡಿಯಲಾಗದೆಂದು ನಾನು ತಿಳಿಸಿದೆನು. ಅದಕ್ಕಿಂತ ಮೊದಲು ಬುಡವನ್ನು ಬಿಡಿಸಿ, ಒಣ ಕೊಂಬೆಗಳನ್ನು ಸವರಿಸಿ ನೋಡೋಣವೆಂದು ಬೇಡಿಕೊಂಡೆನು. ಎರಡು ತಾಸು ವಾದವಾಯಿತು. ಕೊನೆಗೆ ಒಂದು ಮಳೆಗಾಲದ ಮಟ್ಟಿಗೆ ಒಪ್ಪಿದರು.

ಆ ರವಿವಾರ ಹಾರೆ ಹಿಡಿದು ಸಿಮೆಂಟಿನ ಹಾಸನ್ನು ಎಬ್ಬಿಸಿದೆವು. ಅಡಿಯ ಮಣ್ಣು ಮಳೆಗಾಲದಲ್ಲಿಯೂ ಬೂದಿಯಂತೆ ಒಣಗಿತ್ತು. ಮರುವರ್ಷ ಮೇ ತಿಂಗಳಿನಲ್ಲಿ 'ತೌಕ್ತೆ' ಚಂಡಮಾರುತವು ಗುಜರಾತಿನತ್ತ ಸಾಗುವಾಗ ಪುಣೆಯಲ್ಲಿಯೂ ಗಾಳಿಯೆದ್ದಿತು. ರಾತ್ರಿ ಎರಡು ಸಲ ಎದ್ದು ಕಿಟಕಿಯಿಂದ ಇಣಿಕಿದೆನು. ಬೇವುಗಳು ನಿಂತಿದ್ದವು. ವಿದ್ಯಾರ್ಥಿ ಮಿತ್ರರು ನಾಳೆ ಶಾಲೆಗೆ ಬರುವ ದಾರಿಯಲ್ಲಿ ಯಾವುದಾದರೊಂದು ಮರದ ಬುಡದಲ್ಲಿ ನಿಂತು, ಅದಕ್ಕೆ ಎಷ್ಟು ಗೇಣು ಮಣ್ಣನ್ನು ಬಿಟ್ಟಿದ್ದಾರೆಂದು ಅಳೆದು ನೋಡಲಿ.