‘ಸಾಹೇಬ್ರು ಬರ್ತಾರಾ?’



ಹೋದ ಭಾನುವಾರ ಮೈಸೂರಿನ ಒಂದು ಶೋರೂಮಿಗೆ ಕಾರು ನೋಡೋಕೆ ಹೋಗಿದ್ದೆ. ಸಂಜೆ ಹೊತ್ತಿಗೆ ಇಬ್ಬರು ಸಂಗಾತಿಗಳು ಫೋನ್ ಮಾಡಿ, ‘ಏನಣ್ಣ, ಲಕ್ಷುರಿ ಕಾರು ತಗೋತಿದ್ದೀರಂತೆ, ಇನ್ಮೇಲೆ ಧರಣಿಗೆ ಬರ್ತೀರೋ ಇಲ್ವೋ’ ಅಂತ ನಕ್ಕರು. ಸುದ್ದಿ ಊರೆಲ್ಲಾ ಸುತ್ತೋ ಮೊದಲು ನಾನೇ ಪೂರ್ತಿ ಹೇಳಿಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನನ್ನ ಹತ್ತಿರ ಇರೋದು ಹನ್ನೊಂದು ವರ್ಷದ ಸೆಕೆಂಡ್ ಹ್ಯಾಂಡ್ ಸಣ್ಣ ಕಾರು. ದೌರ್ಜನ್ಯ ಕೇಸುಗಳಿಗೆ ಹೊತ್ತಲ್ಲದ ಹೊತ್ತಲ್ಲಿ ಎಚ್.ಡಿ. ಕೋಟೆ, ನಂಜನಗೂಡು, ಗುಂಡ್ಲುಪೇಟೆ ಅಂತ ಓಡಾಡೋದು ಅದರಲ್ಲೇ. ಎರಡು ಸಲ ನಡುದಾರಿಯಲ್ಲಿ ಕೈಕೊಟ್ಟಿದೆ. ಮಂಡಿನೋವಿನ ಅವ್ವ ಅದರ ಹಿಂದಿನ ಸೀಟಿಂದ ಇಳೀಬೇಕಾದ್ರೆ ಇಬ್ಬರು ಹಿಡೀಬೇಕು. ಹಾಗಾಗಿ ಬೇರೆ ಕಾರು ಬೇಕಾಗಿತ್ತು, ಅದು ನಿಜ. ಬೇಕಾಗಿದ್ದಕ್ಕಿಂತ ದೊಡ್ಡದನ್ನೇ ನೋಡೋಕೆ ಹೋದೆ, ಅದೂ ನಿಜ. ಬೆಂಜ್, ಬಿಎಂಡಬ್ಲ್ಯೂ ಅಲ್ಲ. ಅವುಗಳಿಗಿಂತ ಕೆಳಗಿನದು, ಮಾರೋರು ‘ಕೈಗೆಟುಕುವ ಲಕ್ಷುರಿ’ ಅಂತ ಕರೆಯೋ ಸೆಡಾನ್. ಹೆಸರು ಬೇಡ, ನಾನು ಜಾಹೀರಾತು ಬರೀತಿಲ್ಲ.

ಜೊತೆಗೆ ತಮ್ಮ ಬಂದಿದ್ದ. ಅವನು ಬೆಂಗಳೂರಲ್ಲಿ ಹಳದಿ ಬೋರ್ಡಿನ ಟ್ಯಾಕ್ಸಿ ಓಡಿಸ್ತಾನೆ. ಗಾಡಿ ವಿಷಯದಲ್ಲಿ ನನಗಿಂತ ಹತ್ತು ಪಾಲು ತಿಳಿದವನು. ಇಬ್ಬರೂ ಚಪ್ಪಲಿ, ಸಾದಾ ಅಂಗಿ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗ ಬಂದ. ನಮ್ಮನ್ನು ಮೇಲಿಂದ ಕೆಳಗೆ ನೋಡಿ ವಿನಯವಾಗೇ ಕೇಳಿದ: ‘ಸಾಹೇಬ್ರು ಬರ್ತಾರಾ, ಇಲ್ಲ ನೀವೇ ನೋಡ್ಕೊಂಡು ಹೋಗಿ ಹೇಳ್ತೀರಾ?’

‘ಯಾವ ಸಾಹೇಬ್ರು?’ ಅಂದೆ.

‘ಗಾಡಿ ತಗೊಳ್ಳೋರು.’

‘ತಗೊಳ್ಳೋನು ನಾನೇ.’

ಹುಡುಗನ ಮುಖ ಸಣ್ಣದಾಯ್ತು. ಸಾರಿ ಕೇಳಿದ, ಕಾಫಿ ತರಿಸಿದ, ಕೀ ಕೊಟ್ಟ. ಅಲ್ಲಿಗೆ ಮುಗೀಬೇಕಿತ್ತು. ನನ್ನೊಳಗೆ ಮುಗೀಲಿಲ್ಲ.

ರಿಂಗ್ ರೋಡಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿದೆ. ಸುಳ್ಳು ಯಾಕೆ ಹೇಳಲಿ, ಗಾಡಿ ಬಹಳ ಚೆನ್ನಾಗಿದೆ. ಒಂದೂವರೆ ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 150 ಹಾರ್ಸ್‌ಪವರ್, ಆಟೊಮ್ಯಾಟಿಕ್ ಗೇರ್. ಲಾರಿ ಹಿಂದೆ ಹಾಕುವಾಗ ನನ್ನ ಹಳೇ ಕಾರಲ್ಲಿ ಉಸಿರು ಬಿಗಿಹಿಡೀಬೇಕು. ಇದರಲ್ಲಿ ಪಾದ ಒತ್ತಿದ್ದಷ್ಟೇ ಗೊತ್ತು, ಲಾರಿ ಹಿಂದೆ ಬಿದ್ದಿತ್ತು. ಸೀಟಿನೊಳಗಿಂದ ತಣ್ಣನೆ ಗಾಳಿ ಬರುತ್ತೆ. ಆರು ಏರ್‌ಬ್ಯಾಗು, ಕ್ರ್ಯಾಶ್ ಟೆಸ್ಟಲ್ಲಿ ಐದು ಸ್ಟಾರು. ಗ್ಲಾಸು ಏರಿಸಿದ್ರೆ ಹೊರಗಿನ ಸದ್ದು ದೂರ ಹೋಗುತ್ತೆ. ಹತ್ತು ನಿಮಿಷ ನಾನು ಯಾವ ಕೇಸನ್ನೂ ನೆನೆಸಿಕೊಳ್ಳಲಿಲ್ಲ. ಆ ಸುಖಕ್ಕೆ ನಾಚಿಕೆ ಪಡೋದು ಏನೂ ಇಲ್ಲ ಅಂತ ಈಗಲೂ ಅನ್ಕೊಂಡಿದ್ದೀನಿ.

ತಮ್ಮ ಹಿಂದೆ ಕೂತು ಕಾಲು ಚಾಚಿ ನೋಡಿದ, ಹಂಪ್ ಬಂದಾಗಲೆಲ್ಲ ಕಿವಿಗೊಟ್ಟು ಕೇಳಿದ. ‘ಸಸ್ಪೆನ್ಷನ್ ಚೆನ್ನಾಗೈತೆ. ಆದ್ರೆ ಸೀಟು ತಗ್ಗು. ಅವ್ವ ಕೂತ್ಕತಾಳೆ, ಏಳಕ್ಕಾಗಲ್ಲ’ ಅಂದ.

ನನಗೆ ಕೇಳಿಸಲೇ ಇಲ್ಲ. ಶೋರೂಮಿಗೆ ವಾಪಸ್ ಬಂದವನೇ ‘ಟಾಪ್ ಮಾಡೆಲ್ ಬುಕ್ ಮಾಡಪ್ಪ’ ಅಂದು ಅಡ್ವಾನ್ಸ್ ಕಟ್ಟೋಕೆ ಫೋನ್ ತೆಗೆದೆ. ತಮ್ಮ ನನ್ನ ಕೈ ಹಿಡಿದ. ‘ಇರಣ್ಣ, ಟೀ ಕುಡ್ಕಂಡ್ ಬರವ.’

ಎದುರಿನ ಟೀ ಅಂಗಡೀಲಿ ಅವನು ಕೇಳಿದ, ‘ಕಾರು ಇಷ್ಟ ಆಗಿ ತಗತಿದ್ದೀಯಾ, ಆ ಹುಡುಗನ ಮ್ಯಾಲಿನ ಸಿಟ್ಟಿಗೆ ತಗತಿದ್ದೀಯಾ?’

‘ನನ್ನ ಡ್ರೈವರ್ ಅಂದ್ಕೊಂಡ ಕಣೋ ಅವನು.’

ತಮ್ಮ ಗ್ಲಾಸು ಕೆಳಗಿಟ್ಟ. ‘ಅಂದ್ಕಂಡ. ಡ್ರೈವರ್ ಅನ್ನೋದು ಬೈಗುಳವಾ ಅಣ್ಣ?’

ನನ್ನ ಬಾಯಿ ಕಟ್ಟಿಹೋಯ್ತು. ಇಪ್ಪತ್ತು ವರ್ಷದಿಂದ ದುಡಿಮೆಯ ಘನತೆ ಬಗ್ಗೆ ಭಾಷಣ ಮಾಡಿಕೊಂಡು ಬಂದವನು ನಾನು.

ಇಲ್ಲಿ ಎರಡು ಮಾತಿದೆ, ಎರಡನ್ನೂ ಬೇರೆ ಬೇರೆ ಇಟ್ಟುಕೊಂಡೇ ನೋಡಬೇಕು. ಒಂದು, ಆ ಹುಡುಗನ ನೋಟ. ಯಾವ ಮೈಬಣ್ಣದವನು, ಯಾವ ಚಪ್ಪಲಿಯವನು ಇಂಥ ಕಾರಿನ ಒಡೆಯ ಆಗಬಹುದು ಅನ್ನೋದನ್ನ ಈ ಸಮಾಜ ಅವನಿಗೆ ಕಲಿಸಿ ಕಳಿಸಿದೆ. ಅದನ್ನ ನಾನು ಮನ್ನಿಸೋದಿಲ್ಲ. ಇನ್ನೊಂದು, ನನ್ನ ನೋವು. ಅದರಲ್ಲಿ ಅರ್ಧ, ನನ್ನನ್ನು ತಮ್ಮನ ಜಾಗದಲ್ಲಿ ನಿಲ್ಲಿಸಿದ್ರಲ್ಲ ಅನ್ನೋ ನೋವು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದಿದ್ದು ಇದನ್ನೇ. ಪ್ರತಿಯೊಬ್ಬನಿಗೂ ತನಗಿಂತ ಕೆಳಗೊಬ್ಬ ಬೇಕು. ಕರಿ ಕೋಟು ಹಾಕಿದ ಮೇಲೆ ನನಗೂ ಒಬ್ಬ ಸಿಕ್ಕಿದ್ದ, ಅದೂ ನನ್ನ ಒಡಹುಟ್ಟಿದವನೇ.

‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಎರಡು ಪ್ರಯಾಣಗಳು ನೆನಪಿರುತ್ತವೆ. 1901ರಲ್ಲಿ ಬಾಲಕ ಭೀಮರಾವ್ ಮತ್ತು ಜೊತೆಯ ಮಕ್ಕಳು ಅಪ್ಪ ಕೆಲಸದಲ್ಲಿದ್ದ ಊರಿಗೆ ಹೊರಟಾಗ, ಜಾತಿ ಗೊತ್ತಾಗಿ ಗಾಡಿಯವರು ಯಾರೂ ಬರಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವನು ಜೊತೆಯಲ್ಲಿ ನಡೆದುಕೊಂಡು ಬಂದ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ, ಆ ಹೊತ್ತಿಗೆ ಅವರು ಬ್ಯಾರಿಸ್ಟರ್, ಆದರೂ ಟಾಂಗಾದವನು ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಕೇರಿಯವರು ಟಾಂಗಾ ಮಾತ್ರ ಬಾಡಿಗೆಗೆ ಪಡೆದು ತಮ್ಮವರಲ್ಲೇ ಒಬ್ಬನನ್ನು ಕೂರಿಸಿದರು. ಅವನಿಗೆ ಓಡಿಸಿ ಅಭ್ಯಾಸ ಇರಲಿಲ್ಲ. ದಾರಿಯ ಮೋರಿ ಹತ್ತಿರ ಟಾಂಗಾ ಅಪಘಾತಕ್ಕೆ ಸಿಕ್ಕಿತು, ಬಾಬಾಸಾಹೇಬರ ಕಾಲು ಮುರಿಯಿತು. ಅವತ್ತು ನಮ್ಮವರಿಗೆ ಬೇಕಾಗಿದ್ದು ದುಬಾರಿ ಟಾಂಗಾ ಅಲ್ಲ, ಓಡಿಸೋಕೆ ಬಲ್ಲ ನಮ್ಮದೇ ಒಬ್ಬ ಡ್ರೈವರ್. ಆ ಡ್ರೈವರ್ ನನ್ನ ಪಕ್ಕದಲ್ಲೇ ಟೀ ಕುಡೀತಾ ಕೂತಿದ್ದ.

ಆಮೇಲೆ ತಮ್ಮ ಲೆಕ್ಕಕ್ಕೆ ಕೂತ. ಟಾಪ್ ಮಾಡೆಲ್ ಎಕ್ಸ್ ಶೋರೂಂ 17 ಲಕ್ಷ. ನಮ್ಮ ರಾಜ್ಯದಲ್ಲಿ 10 ಲಕ್ಷದಿಂದ 20 ಲಕ್ಷದೊಳಗಿನ ಕಾರಿಗೆ ರಸ್ತೆ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಶೇ 11 ಸೆಸ್. ಅಲ್ಲಿಗೇ 3 ಲಕ್ಷದ 20 ಸಾವಿರ. ಇನ್ಶೂರೆನ್ಸ್ ಮತ್ತೊಂದು ಸೇರಿ ಆನ್‌ರೋಡ್ 21 ಲಕ್ಷ. ನನ್ನ ಹತ್ತಿರ ಇರೋದು 4 ಲಕ್ಷ. ಉಳಿದ 17 ಲಕ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಏಳು ವರ್ಷದ ಸಾಲ ಅಂದ್ರೆ ತಿಂಗಳಿಗೆ 27,350 ರೂಪಾಯಿ. ಬಡ್ಡಿಯೇ 6 ಲಕ್ಷದ ಹತ್ತಿರ.

‘ನನ್ ಗಾಡಿ ಅದರ ಕಂತನ್ನ ತಾನೇ ದುಡ್ಕಂಡ್ ಕಟ್ತು. ನಿನ್ ಗಾಡಿ ಕಂತು ಯಾರ್ ಕಟ್ತಾರೆ?’ ಅಂದ ತಮ್ಮ.

ಇದಕ್ಕೆ ನನ್ನ ಹತ್ತಿರ ಒಂದು ಉತ್ತರ ಇತ್ತು. ಯಾರಿಗೂ ಹೇಳಿರಲಿಲ್ಲ. ಎರಡು ತಿಂಗಳ ಹಿಂದೆ ಒಂದು ಫೈನಾನ್ಸ್ ಕಂಪನಿಯವರು ಪ್ಯಾನೆಲ್ ವಕೀಲರಾಗಿ ಬನ್ನಿ ಅಂತ ಕರೆದಿದ್ದರು. ಸಾಲ ವಸೂಲಿ ಕೇಸುಗಳು. ತಿಂಗಳಿಗೆ 30 ಸಾವಿರ ಖಾತ್ರಿ. ನಾನು ಬೇಡ ಅಂದಿರಲಿಲ್ಲ, ಯೋಚನೆ ಮಾಡ್ತೀನಿ ಅಂದಿದ್ದೆ. ಕಾರಿನ ಕಂತು ಬಂದ್ರೆ ಆ ಯೋಚನೆ ಮುಗಿದಂತೆಯೇ.

ಆ ಕೇಸುಗಳು ಯಾರ ಮೇಲೆ ಅಂತ ನಿಮಗೆ ಗೊತ್ತು. 2025ರ ಆರಂಭದಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂದಿತ್ತು. ಅದೇ ಫೆಬ್ರವರಿಯಲ್ಲಿ ಸರ್ಕಾರ ಕಿರುಕುಳ ತಡೆಗೆ ಸುಗ್ರೀವಾಜ್ಞೆ ತಂತು. ಆಗ ಅದರ ಪರ ಮಾತಾಡಿದವರಲ್ಲಿ ನಾನೂ ಒಬ್ಬ. ನನ್ನ ಸೀಟಿನೊಳಗೆ ತಣ್ಣನೆ ಗಾಳಿ ಬರಲಿ ಅಂತ ಅಂಥದೇ ಕೇರಿಯ ಹೆಣ್ಣುಮಗಳ ಮೇಲೆ ವಸೂಲಿ ದಾವೆ ಹಾಕೋದು!

ಇನ್ನೊಂದು ಕಡೆ, ನಮ್ಮ ದೌರ್ಜನ್ಯ ಕೇಸುಗಳು. 2016ರ ಜನವರಿಯಿಂದ ಜಾರಿಗೆ ಬಂದ 15ಎ ಕಲಂ ಪ್ರಕಾರ ಆರೋಪಿಯ ಜಾಮೀನು ಅರ್ಜಿ ವಿಚಾರಣೆಯಲ್ಲೂ ಸಂತ್ರಸ್ತರ ಮಾತು ಕೇಳಬೇಕು. ಕಾನೂನೇನೋ ಇದೆ, ಆದರೆ ಅವತ್ತು ಕೋರ್ಟಲ್ಲಿ ಅವರ ಪರ ಎದ್ದು ನಿಲ್ಲೋಕೆ ಒಬ್ಬರು ಇರಬೇಕಲ್ಲ. ಆ ಕೇಸುಗಳಲ್ಲಿ ಫೀಸು ಬರಲ್ಲ. ತಿಂಗಳಿಗೆ 27 ಸಾವಿರ ಕಟ್ಟೋ ವಕೀಲ ಎಷ್ಟು ದಿನ ಹಾಗೆ ನಿಲ್ತಾನೆ?

ಬುಕ್ ಮಾಡಲಿಲ್ಲ. ಸೋಮವಾರ ಆ ಫೈನಾನ್ಸ್ ಕಂಪನಿಗೂ ಫೋನ್ ಮಾಡಿ ಆಗಲ್ಲ ಅಂದೆ.

ಈಗ, ನಕ್ಕ ಸಂಗಾತಿಗಳಿಗೆ ಒಂದು ಮಾತು. ಹೋರಾಟಗಾರ ಹಳೇ ಸ್ಕೂಟರಲ್ಲೇ ಓಡಾಡಬೇಕು ಅನ್ನೋ ನಿಯಮವನ್ನ ನಮಗೆ ಮಾತ್ರ ಹೇರಬೇಡಿ. ಬಲಾಢ್ಯ ಜಾತಿಯ ಮುಖಂಡರು ಹತ್ತು ಎಸ್‌ಯುವಿಗಳ ಸಾಲಲ್ಲಿ ಬಂದಿಳಿದರೆ ಯಾರೂ ಸರಳತೆಯ ಪಾಠ ಹೇಳಲ್ಲ. 1983ರಲ್ಲಿ ಕಾನ್ಶಿರಾಮ್ ಸಾಹೇಬರು ಸೈಕಲ್ ಯಾತ್ರೆ ಹೊರಟಿದ್ದು ಬಡತನ ಮೆರೆಸೋಕಲ್ಲ, ಜನರನ್ನ ತಲುಪೋಕೆ. ಇನ್ನು ‘ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಬದುಕೋರು’ ಅಂತ ನಮ್ಮನ್ನು ಹಂಗಿಸೋರಿಗೂ ಒಂದು ಲೆಕ್ಕ: ನಾಲ್ಕು ಮೀಟರ್ ದಾಟಿದ ಇಂಥ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 40. ರಸ್ತೆ ತೆರಿಗೆ ಸೇರಿಸಿದ್ರೆ ಆ 21 ಲಕ್ಷದಲ್ಲಿ ಸುಮಾರು 8 ಲಕ್ಷ ತೆರಿಗೆಯೇ. ಇಂಥ ಕಾರು ಕೊಂಡ ನಮ್ಮ ಮಕ್ಕಳೂ ಅಷ್ಟನ್ನೇ ಕಟ್ಟಿದ್ದಾರೆ.

ಹಾಗಾಗಿ ಆಸೆ ಪಡಿ. ಒಳ್ಳೇ ಕಾರಿಗೂ ಆಸೆ ಪಡಿ. ಕೈಯಲ್ಲಿ ದುಡ್ಡಿದ್ರೆ ಕೊಳ್ಳಿ, ಕೇರಿಯೊಳಗೇ ತಂದು ನಿಲ್ಲಿಸಿ, ಮಕ್ಕಳನ್ನ ಕೂರಿಸಿ ಸುತ್ತಿಸಿ. ಆದರೆ ಯಾರೋ ಅವಮಾನ ಮಾಡಿದ ಅಂತ ಅವನಿಗೆ ತೋರಿಸೋಕೆ ಸಾಲ ಮಾಡಬೇಡಿ. ಅವನು ಸಂಜೆಗೆ ಮರೀತಾನೆ, ನಾವು ಏಳು ವರ್ಷ ಕಟ್ತೀವಿ. ಕಂತಿಗೆ ಸಿಕ್ಕಿಕೊಂಡವನು ಮಾತಾಡೋ ಮೊದಲು ಎರಡು ಸಲ ಯೋಚಿಸ್ತಾನೆ, ಮೂರನೇ ಸಲ ಸುಮ್ಮನಾಗ್ತಾನೆ. ನಮ್ಮ ಎಷ್ಟೋ ಒಳ್ಳೇ ದನಿಗಳು ಹಾಗೇ ಸುಮ್ಮನಾಗಿದ್ದನ್ನ ನಾನು ನೋಡಿದ್ದೀನಿ.

ಹೊರಡುವಾಗ ಆ ಹುಡುಗನ ಹತ್ತಿರ ಹೋದೆ. ‘ನೋಡಪ್ಪ, ನಾನು ಇವತ್ತಿನವರೆಗೂ ಹೊಸ ಕಾರು ಕೊಂಡಿಲ್ಲ. ಇವನು ಡ್ರೈವರ್. ಹೊಸ ಕಾರು ಕೊಂಡು, ಐದು ವರ್ಷದಲ್ಲಿ ಸಾಲ ತೀರಿಸಿದ್ದಾನೆ. ಇನ್ಮೇಲೆ ಡ್ರೈವರ್ ಬಂದ್ರೂ ಸಾಹೇಬ್ರು ಎಲ್ಲಿ ಅಂತ ಕೇಳಬೇಡ’ ಅಂದೆ. ಅವನು ತಮ್ಮನ ಮುಖ ನೋಡಿದ. ತಮ್ಮ ‘ಬಿಡಣ್ಣ’ ಅಂದ.

ಈಗ ಎಂಟು ಲಕ್ಷದೊಳಗೆ, ನಾಲ್ಕೈದು ವರ್ಷದ ಒಳಗಿನ, ಐದು ಸ್ಟಾರಿನ, ಸೀಟು ಎತ್ತರ ಇರೋ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕ್ತಿದ್ದೀನಿ. ನಾಲ್ಕು ಲಕ್ಷ ಕೈಯಿಂದ, ಉಳಿದಿದ್ದಕ್ಕೆ ಮೂರು ವರ್ಷದ ಸಾಲ, ಅಷ್ಟು ನನ್ನಿಂದಾಗುತ್ತೆ. ನಿಮ್ಮ ಕಡೆ ಇದ್ರೆ ತಿಳಿಸಿ. ಎಂಜಿನ್ ನೋಡೋಕೆ ತಮ್ಮ ಬರ್ತಾನೆ, ಕೂತು ಎದ್ದು ನೋಡೋಕೆ ಅವ್ವ ಬರ್ತಾಳೆ. ಧರಣಿಗೆ ನಾನು ಬಂದೇ ಬರ್ತೀನಿ.

ಜೈ ಭೀಮ್.