ಕಂಕುಳ ಕೂಸು

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಕಂಪ್ಯೂಟರಿನಲ್ಲಿಟ್ಟ ಕಾಗದಗಳು ಕಳೆದುವೆಂದು ಗೋಳಾಡುವವರ ಸ್ಥಿತಿಯೂ ಬಹುಮಟ್ಟಿಗೆ ಇಂಥದೇ ಎಂಬುದು ನನ್ನ ಅಭಿಪ್ರಾಯ. ಇದು ಪುಸ್ತಕದಿಂದ ಕಲಿತುದಲ್ಲ. ನಮ್ಮ ಮನೆಯಲ್ಲಿ ನಡೆದ ಸಂಗತಿಯಿಂದ ತಿಳಿದುದು.

ನನ್ನ ತಂದೆಯವರು ಕುದುರೆಮುಖದ ಗಣಿಯಲ್ಲಿ ಕೆಲಸಕ್ಕಿದ್ದವರು. 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಕಂಪೆನಿಯು ಬೆಟ್ಟಗಾಡಿನ ನಡುವೆ ಒಂದು ಊರನ್ನೇ ಕಟ್ಟಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡು ಉಳಿಯಬೇಕಾದುದು ನ್ಯಾಯವೇ. ಆದರೆ ಒಂದು ನೆರೆಹೊರೆ ಚೆದುರಿಹೋಯಿತೆಂಬುದೂ ನಿಜ. ಮಂಗಳೂರು, ಬೆಂಗಳೂರುಗಳಿಗೆ ಹೋದ ಸ್ನೇಹಿತರು ತಂದೆಯವರಿಗೆ ಬರೆದ ಇ-ಮೇಲ್ ಕಾಗದಗಳೆಲ್ಲ ನಮ್ಮ ಕಂಪ್ಯೂಟರಿನ ಥಂಡರ್‌ಬರ್ಡ್ ತಂತ್ರಾಂಶದಲ್ಲಿ, 'ಕುದುರೆಮುಖ' ಎಂಬ ಫೋಲ್ಡರಿನಲ್ಲಿದ್ದವು. ಬರೆದವರಲ್ಲಿ ಇಬ್ಬರು ಈಗಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ, ಕಂಪ್ಯೂಟರ್ ನಡೆಯುತ್ತಿದ್ದಾಗಲೇ ಕರೆಂಟು ಹೋಯಿತು. ಮರುದಿನ ನೋಡಿದರೆ ಫೋಲ್ಡರಿನ ಹೆಸರಿದೆ, ಒಳಗೆ ಒಂದು ಕಾಗದವೂ ಇಲ್ಲ! ತಂದೆಯವರು ಮಾತಿಲ್ಲದೆ ಎದ್ದು ಜಗಲಿಯಲ್ಲಿ ಕುಳಿತರು. ರಿಪೇರಿ ಬಲ್ಲ ಪರಿಚಿತರೊಬ್ಬರು, "ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡೋಣ" ಎಂದರು. ಆ ಮಾತು ಕೇಳಿದ್ದರೆ ಅಂದೇ ಆ ಕಾಗದಗಳಿಗೆ ಎಳ್ಳುನೀರು ಬಿಟ್ಟಂತಾಗುತ್ತಿತ್ತು. ನಮ್ಮ ಅಧ್ಯಾಪಕರೊಬ್ಬರು ಮಾತ್ರ, "ಆ ಫೋಲ್ಡರಿನ ಕಡತವು ಡಿಸ್ಕಿನಲ್ಲಿ ಎಷ್ಟು ದೊಡ್ಡದಿದೆ, ಮೊದಲು ನೋಡು" ಎಂದರು. ನೋಡಿದೆ, 300 ಎಂಬಿ! ಬರಿದಾದ ಕಣಜ ಅಷ್ಟು ತೂಗುವುದುಂಟೇ?

ವಿಷಯವಿಷ್ಟೆ. ಈ ತಂತ್ರಾಂಶವು ಸಾಮಾನ್ಯವಾಗಿ ಒಂದು ಫೋಲ್ಡರಿನ ಕಾಗದಗಳನ್ನೆಲ್ಲ ಒಂದೇ ಕಡತದಲ್ಲಿ ಸಾಲಾಗಿ ಬರೆದಿಡುತ್ತದೆ. ಪಕ್ಕದಲ್ಲಿ ಅದೇ ಹೆಸರಿನ, 'ಎಂಎಸ್ಎಫ್' ಎಂಬ ಬಾಲವುಳ್ಳ ಇನ್ನೊಂದು ಕಡತವಿರುತ್ತದೆ. ಅದು ಪರಿವಿಡಿ. ಪರದೆಯ ಮೇಲೆ ನಾವು ಕಾಣುವ ಪಟ್ಟಿ ಆ ಪರಿವಿಡಿಯದು. ಪರಿವಿಡಿಯ ಹಾಳೆ ಹರಿದರೆ ಗ್ರಂಥವೇ ಹೋಯಿತೆನ್ನಬಹುದೇ? ನಾವು ಮೊದಲು ಎಲ್ಲ ಕಡತಗಳನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಬಳಿಕ ತಂತ್ರಾಂಶವನ್ನು ಮುಚ್ಚಿ, ಪರಿವಿಡಿಯ ಕಡತವೊಂದನ್ನೇ ಅಳಿಸಿ, ಮತ್ತೆ ತೆರೆದೆವು. ಹೊಸ ಪರಿವಿಡಿಯನ್ನು ಅದು ತಾನೇ ಬರೆದುಕೊಂಡಿತು; ಕಾಗದಗಳು ಮರಳಿದವು.

ಫೋಲ್ಡರಿನ ಹೆಸರೇ ಕಾಣದಿದ್ದರೂ ಎದೆಗೆಡಬೇಕಾಗಿಲ್ಲ. ಮೌಸ್ ಜಾರಿ ಅದು ಪಕ್ಕದ ಫೋಲ್ಡರಿನೊಳಗೆ ಸೇರಿರಬಹುದು, ಕಸದ ಫೋಲ್ಡರಿನಲ್ಲಿರಬಹುದು, ತಂತ್ರಾಂಶವು ಹೊಸ ಪ್ರೊಫೈಲನ್ನು ತೆರೆದು ಹಳೆಯದನ್ನು ಡಿಸ್ಕಿನಲ್ಲೇ ಬಿಟ್ಟಿರಬಹುದು. ಆದರೆ ಒಂದು ಎಚ್ಚರ ಬೇಕು. ಅಳಿಸಿದ ಕಾಗದವೂ ಕಡತದಲ್ಲಿ ಕೆಲಕಾಲ ಉಳಿದಿರುತ್ತದೆ. 'ಕಾಂಪ್ಯಾಕ್ಟ್' ಮಾಡಿದೊಡನೆ ಅದು ಅಲ್ಲಿಂದ ನಿಜವಾಗಿಯೂ ಹೋಗುತ್ತದೆ. ಆದುದರಿಂದ ಯಂತ್ರದ ದೋಷಕ್ಕಿಂತ ನಮ್ಮ ಕೈಯ ಆತುರವೇ ಹೆಚ್ಚಿನ ಶತ್ರು.

"ಎಲ್ಲವೂ ದೂರದ ಸರ್ವರಿನಲ್ಲಿ ಇದ್ದೇ ಇರುತ್ತದಲ್ಲ, ಈ ತೊಂದರೆಯೇಕೆ?" ಎಂದು ಕೆಲವರು ಕೇಳಬಹುದು. ಐಮ್ಯಾಪ್ ಪದ್ಧತಿಯಲ್ಲಿ ಅದು ಸರಿ. ಹಳೆಯ ಪಾಪ್ ಪದ್ಧತಿಯಲ್ಲಾದರೋ, ಕಾಗದವನ್ನು ಮನೆಗೆ ಇಳಿಸಿಕೊಂಡ ಮೇಲೆ ಸರ್ವರಿನಿಂದ ಅಳಿಸುವುದೇ ರೂಢಿಯಾಗಿತ್ತು. ಅಂತಹವುಗಳಿಗೆ ಮೂಲೆಯಲ್ಲಿ ಧೂಳು ಹಿಡಿದ ಆ ಕಂಪ್ಯೂಟರೊಂದೇ ಆಸರೆ. ಊರು ಬಿಟ್ಟವರ ಚರಿತ್ರೆ ಸರಕಾರದ ದಫ್ತರಗಳಲ್ಲಿ ಎಷ್ಟಿದೆಯೋ, ಇಂಥ ಕಾಗದಗಳಲ್ಲೂ ಅಷ್ಟಿದೆ.

ಆದಕಾರಣ ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ವರ್ಷಕ್ಕೆ ಒಂದು ಗಂಟೆಯಾದರೂ ಈ ವಿದ್ಯೆಯನ್ನು ಎಲ್ಲ ತರಗತಿಗಳಿಗೂ ಕಲಿಸಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ಮಿತ್ರರೇ, ಮನೆಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಒಂದು ನಕಲು ಮಾಡಿಕೊಳ್ಳಿರಿ. ಏನಾದರೂ ಕಳೆಯಿತೆನ್ನಿಸಿದರೆ ಊರೆಲ್ಲ ಕೂಗುವ ಮೊದಲು ಕಂಕುಳನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿರಿ.